ಕೂಚಾ ಚೌಧರಿಯಲ್ಲಿ ಲೆನ್ಸ್ ಕೊಳ್ಳುವ ಮುನ್ನ

ದೆಹಲಿಯ ಕೆಂಪುಕೋಟೆಯ ಎದುರಿಗೆ ಚಾಚಿಕೊಂಡಿರುವ ಚಾಂದನಿ ಚೌಕದಲ್ಲಿ ಕೂಚಾ ಚೌಧರಿ ಎಂಬ ಇಕ್ಕಟ್ಟಾದ ಓಣಿಯಿದೆ. ಅದು ರಾಜಧಾನಿಯ ಹೆಸರಾಂತ ಕ್ಯಾಮೆರಾ ಪೇಟೆ. ಛಾಯಾಗ್ರಹಣ ಕಲಿಯುವ ವಿದ್ಯಾರ್ಥಿಗಳು ಮನೆಯವರು ಕೊಟ್ಟ ಹಣವನ್ನು ಎಣಿಸಿಕೊಂಡು ಇಲ್ಲಿಗೆ ಬರುತ್ತಾರೆ.

ವಿಡಿಯೊ ಕ್ಯಾಮೆರಾಗಳ ಹಳೆಯ ‘ಸಿ-ಮೌಂಟ್’ ಲೆನ್ಸ್ ಪುಟ್ಟದು. ಹೊಸ ಲೆನ್ಸಿಗಿಂತ ಅಗ್ಗವೂ ಹೌದು. ಅದನ್ನು ಡಿಜಿಟಲ್ ಸ್ಟಿಲ್ ಕ್ಯಾಮೆರಾಕ್ಕೆ ಜೋಡಿಸುವ ಆಸೆ ಸಹಜ. ಆದರೆ ಎರಡು ಲೆಕ್ಕಗಳು ಹೊಂದಬೇಕು.

ಮೊದಲನೆಯದು ದೂರ. ಸಿ-ಮೌಂಟ್ ಲೆನ್ಸ್ ಕೂರುವ ಬಾಯಿಯಿಂದ ಬಿಂಬ ಮೂಡುವ ಸೆನ್ಸರ್‌ವರೆಗೆ 17.526 ಮಿ.ಮೀ. ಇರಬೇಕು. ಒಳಗೆ ಕನ್ನಡಿಯಿರುವ ನಿಕಾನ್ ಎಸ್‌ಎಲ್‌ಆರ್‌ನಲ್ಲಿ ಅದು 46.5 ಮಿ.ಮೀ. ಅಲ್ಲಿ ಈ ಲೆನ್ಸ್ ಹಾಕಿದರೆ ತೀರ ಹತ್ತಿರದ್ದು ಬಿಟ್ಟು ಉಳಿದುದೆಲ್ಲ ಮಬ್ಬು. 2008ರಲ್ಲಿ ಬಂದ ಕನ್ನಡಿಯಿಲ್ಲದ ‘ಮೈಕ್ರೊ ಫೋರ್ ಥರ್ಡ್ಸ್’ ಕ್ಯಾಮೆರಾಗಳಲ್ಲಿ 19.25 ಮಿ.ಮೀ. ಮಾತ್ರ, ಒಳಕ್ಕೆ ತಗ್ಗಿದ ಅಡಾಪ್ಟರ್ ಈ ಅಂತರವನ್ನು ಸರಿದೂಗಿಸುತ್ತದೆ.

ಎರಡನೆಯದು ಬೆಳಕಿನ ವೃತ್ತ. 2/3 ಇಂಚಿನ ವಿಡಿಯೊ ಸೆನ್ಸರ್‌ನ ಕರ್ಣ 11 ಮಿ.ಮೀ. ಮೈಕ್ರೊ ಫೋರ್ ಥರ್ಡ್ಸ್‌ನದು ಸುಮಾರು 21.6 ಮಿ.ಮೀ. ಚಿಕ್ಕದಕ್ಕೆಂದು ಮಾಡಿದ ಲೆನ್ಸಿನ ಬೆಳಕು ದೊಡ್ಡದನ್ನು ತುಂಬದಿದ್ದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ.

ಆದ್ದರಿಂದ ಕ್ಯಾಮೆರಾವನ್ನು ಜೊತೆಗೇ ಒಯ್ಯುವುದು ಲೇಸು. ಅಂಗಡಿಯ ಬಿಳಿಗೋಡೆಯ ಚಿತ್ರ ತೆಗೆದರೆ ಮೂಲೆಗಳ ಬಣ್ಣ ತಿಳಿಯುತ್ತದೆ. ದೂರದ ಪರೀಕ್ಷೆಗೆ ಓಣಿ ಸಾಲದು. ಅಂಗಡಿಯವರನ್ನು ಕೇಳಿಕೊಂಡು ಚೌಕಕ್ಕೆ ಬಂದರೆ ಆಚೆ ತುದಿಯಲ್ಲಿ ಕೆಂಪುಕೋಟೆಯಿದೆ. ಅದರ ಅಂಚುಗಳು ಚೊಕ್ಕವಾಗಿ ಮೂಡಿದ ಮೇಲೆ ಹಣ ಎಣಿಸಿದರಾಯಿತು.