ಹಳೆಯ ಕಾರಿನ ಲೆಕ್ಕ

ಎತ್ತು ಕೊಳ್ಳಲು ಸಂತೆಗೆ ಹೋದ ರೈತನು ಮೊದಲು ಅದರ ಹಲ್ಲನ್ನು ನೋಡುತ್ತಾನೆ, ಗೊರಸನ್ನು ಪರೀಕ್ಷಿಸುತ್ತಾನೆ, ಸುಳಿಯನ್ನು ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಬೆಲೆಯ ಮಾತೆತ್ತುತ್ತಾನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬೇಸಾಯಗಾರನಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆಯನ್ನು ನಂಬಿದ ಹೊಲದಲ್ಲಿ ಬಿತ್ತನೆಯ ಹೊತ್ತಿಗೆ ಎತ್ತು ಕುಸಿದರೆ ಆ ವರ್ಷದ ಬೆಳೆಯೇ ಕೈಬಿಟ್ಟಂತೆ. ಆದರೆ ಅದೇ ಮನೆಯ ಮಗನು ದೊಡ್ಡ ಪಟ್ಟಣದಿಂದ ಹಳೆಯ ಕಾರೊಂದನ್ನು ತರಲು ಹೊರಟಾಗ ಈ ವಿವೇಕವು ಮನೆಯಲ್ಲಿಯೇ ಉಳಿದುಬಿಡುವುದುಂಟು. ಬಣ್ಣದ ಹೊಳಪಿಗೆ ಕಣ್ಣು ಸೋಲುತ್ತದೆ. ಎಂಜಿನಿನ ಗರ್ಜನೆಗೆ ಕಿವಿ ಸೋಲುತ್ತದೆ. ಇವೆರಡೂ ಸೋತ ಮೇಲೆ ಬುದ್ಧಿಯು ಗೆಲ್ಲುವುದೆಂತು?

ವೇಗಕ್ಕೆ ಹೆಸರಾದ ದುಬಾರಿ ಕಾರುಗಳು ಹಳತಾದಂತೆ ಬಹಳ ಅಗ್ಗವಾಗುತ್ತವೆ. ಹೊಸದರಲ್ಲಿ 20 ಲಕ್ಷ ರೂಪಾಯಿ ಬೆಲೆಯಿದ್ದ ಕಾರೊಂದು ಹನ್ನೆರಡು ವರ್ಷಗಳ ತರುವಾಯ 3 ಲಕ್ಷಕ್ಕೆ ದೊರೆಯಿತೆಂದು ಇಟ್ಟುಕೊಳ್ಳಬಹುದು. ಕೊಂಡವನು 17 ಲಕ್ಷವನ್ನು ಉಳಿಸಿದೆನೆಂದು ಹಿಗ್ಗುತ್ತಾನೆ. ಆದರೆ ಇಳಿದದ್ದು ಕಾರಿನ ಬೆಲೆಯೇ ಹೊರತು ಅದರ ಬಿಡಿಭಾಗಗಳ ಬೆಲೆಯಲ್ಲ. 60,000 ರೂಪಾಯಿಯ ದುರಸ್ತಿಯೊಂದು ಬಂದರೆ, ಮೊದಲ ಒಡೆಯನಿಗೆ ಅದು ಕಾರಿನ ಬೆಲೆಯಲ್ಲಿ ನೂರಕ್ಕೆ ಮೂರು ಪಾಲು. ಈತನಿಗೆ ನೂರಕ್ಕೆ ಇಪ್ಪತ್ತು ಪಾಲು. ಕಾರು ಮೂರು ಲಕ್ಷದ್ದಾಗಿದ್ದರೂ ಅದರ ಹಸಿವು ಇಪ್ಪತ್ತು ಲಕ್ಷದ್ದೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಈ ಕಾಲದಲ್ಲಿದ್ದಿದ್ದರೆ ಮೂರನೆಯದೊಂದನ್ನು ಸೇರಿಸುತ್ತಿದ್ದರೇನೋ!

ಇಂಥ ಕಾರಿಗೆ ಬರುವ ರೋಗಗಳು ಗುಟ್ಟಿನವೇನಲ್ಲ. ಎಂಜಿನನ್ನು ತಣ್ಣಗಿರಿಸುವ ನೀರು ಹರಿಯುವ ರಬ್ಬರಿನ ಕೊಳವೆಗಳೂ ಪ್ಲಾಸ್ಟಿಕ್ಕಿನ ಜೋಡಣೆಗಳೂ ವರ್ಷಗಳ ಕಾವಿಗೆ ಗಡುಸಾಗಿ ಬಿರಿಯುತ್ತವೆ. ಮಾಘದ ಭಾರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೊರಟ ಕಾರು ಜನಜಂಗುಳಿಯ ನಡುವೆ ಆಮೆಯಂತೆ ತೆವಳುವಾಗ ರೇಡಿಯೇಟರಿಗೆ ಎದುರುಗಾಳಿಯಿರದು, ಫ್ಯಾನೊಂದೇ ಗತಿ. ಫ್ಯಾನು ಕೈಕೊಟ್ಟರೆ, ಇಲ್ಲವೆ ಕೊಳವೆ ಒಡೆದರೆ, ಎಂಜಿನು ಕುದಿಯುತ್ತದೆ. ಆಗಲೂ ನಿಲ್ಲಿಸದೆ ಓಡಿಸಿದರೆ ಅಲ್ಯೂಮಿನಿಯಮ್ಮಿನ ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ಟು ಸುಡುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯನ್ನು ಎತ್ತಬೇಕಾಗುವುದು ಹೀಗೆ.

ಟರ್ಬೋ ಎಂಬ ಗಾಳಿಚಕ್ರವು ಹೊಗೆಯ ರಭಸದಿಂದ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಪ್ರಾಣವೆಲ್ಲ ಶುದ್ಧವಾದ ಎಣ್ಣೆಯಲ್ಲಿದೆ. ಸಕಾಲಕ್ಕೆ ಎಣ್ಣೆ ಬದಲಿಸದ ಜಿಪುಣತನಕ್ಕೆ ಅದು ತನ್ನನ್ನೇ ಬಲಿಗೊಟ್ಟುಕೊಳ್ಳುತ್ತದೆ. ಟೈಮಿಂಗ್ ಬೆಲ್ಟು ಸವೆದು ಹರಿದರೆ ಅನೇಕ ಎಂಜಿನುಗಳಲ್ಲಿ ಕವಾಟಗಳೂ ಪಿಸ್ಟನ್ನುಗಳೂ ಪರಸ್ಪರ ಬಡಿದುಕೊಂಡು ಕ್ಷಣಮಾತ್ರದಲ್ಲಿ ಹಾಳಾಗುತ್ತವೆ. ಕೆಂಪು ಧೂಳು ಗಾಳಿಯ ಸೋಸುಕವನ್ನು ಕಟ್ಟುತ್ತದೆ; ಹಳ್ಳಿಯ ದಾರಿಯ ತಗ್ಗುದಿಣ್ಣೆಗಳು ಬುಷ್ಷುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ತಿನ್ನುತ್ತವೆ.

ದುರಸ್ತಿಯ ವೆಚ್ಚವೆಂದರೆ ಬಿಡಿಭಾಗದ ಬೆಲೆಯಷ್ಟೇ ಅಲ್ಲ. ಪೇಟೆಯ ಗ್ಯಾರೇಜಿನ ಮೇಸ್ತ್ರಿಯು ಕಿವಿಗೊಟ್ಟು ಕೇಳಿಯೇ ಎಂಜಿನಿನ ನೋವನ್ನು ಅರಿಯಬಲ್ಲ ನಿಪುಣನಿರಬಹುದು. ಆದರೆ ಕಂಪ್ಯೂಟರಿನ ಮೂಲಕವೇ ಮಾತನಾಡುವ ಕಾರಿನ ಭಾಷೆ ತಿಳಿಯಲು ಅದಕ್ಕೆ ತಕ್ಕ ಉಪಕರಣ ಬೇಕು. ಅದು ಹತ್ತಿರವಿಲ್ಲದಿದ್ದರೆ ಹೊಸಪೇಟೆಗೋ ದಾವಣಗೆರೆಗೋ ಹುಬ್ಬಳ್ಳಿಗೋ ಕಾರನ್ನು ಹೊರಿಸಿಕೊಂಡು ಹೋಗಬೇಕು. ಆ ಬಾಡಿಗೆಯೂ ಕಾಯುವ ದಿನಗಳೂ ಲೆಕ್ಕಕ್ಕೆ ಸೇರುತ್ತವೆ.

ಬಿಡಿಭಾಗವೇ ದೊರೆಯದಿದ್ದರೆ ಪಾಡೇನು? 1980ರ ದಶಕದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಂಪನಿಯು ಹೊರತಂದ ಕಾಂಟೆಸ್ಸಾ ಆಗಿನ ಶ್ರೀಮಂತಿಕೆಯ ಗುರುತಾಗಿತ್ತು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರನ್ನು ಆಧರಿಸಿದ ಅದರ ಒಡಲು ವಿಶಾಲ. ಮೊದಲಿನ ಎಂಜಿನು ಮಾತ್ರ ಸಾಧಾರಣ. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಎಂಜಿನು ಸೇರಿದಾಗ ಒಡಲಿಗೆ ತಕ್ಕ ಕಸುವು ಬಂದಿತು. 2002ರಲ್ಲಿ ಅದರ ತಯಾರಿಕೆ ನಿಂತಿತು. ಇಂದು ಅದನ್ನು ಉಳಿಸಿಕೊಂಡವರು ಗಾಜಿಗೂ ದೀಪಕ್ಕೂ ಗುಜರಿಯ ಅಂಗಡಿಗಳನ್ನು ಅಲೆಯಬೇಕಾಗುತ್ತದೆ. ಕಾರ್ಖಾನೆಯ ಬಾಗಿಲು ಮುಚ್ಚಿದರೂ ಕಾರು ಸವೆಯುವುದನ್ನು ನಿಲ್ಲಿಸದು.

ಸರಕಾರವೂ ವಯಸ್ಸನ್ನು ಎಣಿಸುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಬಳಿಕ ತಪಾಸಣೆಗೆ ಒಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. 600 ರೂಪಾಯಿಯಿದ್ದ ಅದರ ಶುಲ್ಕವು 2022ರ ಏಪ್ರಿಲಿನಲ್ಲಿ 5,000 ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು.

ಗಾಲಿಯ ಮೇಲೆ ನಿಂತ ವಸ್ತುವಿಗೆ ಸವೆತವು ತಪ್ಪಿದ್ದಲ್ಲ. ಅದಕ್ಕೆ ಹಿರಿದು ಕಿರಿದೆಂಬ ಭೇದವೂ ಇಲ್ಲ. 2017ರ ಫೆಬ್ರವರಿ 21ರಂದು ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ರಥೋತ್ಸವದಲ್ಲಿ, ಸಾವಿರಾರು ಭಕ್ತರು ನೋಡುತ್ತಿದ್ದಂತೆಯೇ ಮಹಾರಥವು ವಾಲಿ ಉರುಳಿತು, ಕೆಲವರು ಗಾಯಗೊಂಡರು. ಗಾಲಿಯ ಅಚ್ಚು ಮುರಿದುದು ಕಾರಣವೆಂದು ವರದಿಯಾಯಿತು. ನೋಡುವವರ ಕಣ್ಣು ಸಹಜವಾಗಿ ಕಳಸದ ಮೇಲಿರುತ್ತದೆ. ಭಾರವನ್ನು ಹೊರುವ ಅಚ್ಚು ಕೆಳಗೆ ಕತ್ತಲೆಯಲ್ಲಿರುತ್ತದೆ. ಕಾರಿನ ವಿಷಯದಲ್ಲಿಯೂ ಇದು ಹೀಗೆಯೇ.

ಹಾಗೆಂದು ಹಳೆಯ ಕಾರನ್ನು ಕೊಳ್ಳಬಾರದೆಂದಲ್ಲ. ಕೊಳ್ಳುವ ಹಣದಲ್ಲಿ ಒಂದು ಪಾಲನ್ನು ಮೊದಲೇ ದುರಸ್ತಿಗೆಂದು ತೆಗೆದಿರಿಸಬೇಕು. ಆ ಹಣವು ಮೊದಲು ಸಲ್ಲಬೇಕಾದದ್ದು ಬಣ್ಣಕ್ಕೂ ಹಾಡಿನ ಪೆಟ್ಟಿಗೆಗೂ ಅಲ್ಲ. ಬ್ರೇಕಿಗೆ ಮತ್ತು ಟಯರಿಗೆ. ಟಯರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ: 2316 ಎಂದಿದ್ದರೆ 2016ರ ಇಪ್ಪತ್ತಮೂರನೆಯ ವಾರ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿ ಬಲಗುಂದುತ್ತದೆಯಾದ್ದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ಎಂಜಿನು ಕೆಟ್ಟರೆ ಒಡೆಯನ ಹಣ ಹೋಗುತ್ತದೆ. ಬ್ರೇಕು ಕೆಟ್ಟರೆ, ಆ ಕಾರಿನಲ್ಲಿ ಎಂದೂ ಕುಳಿತಿರದ, ಶಾಲೆ ಬಿಟ್ಟು ರಸ್ತೆ ದಾಟುತ್ತಿರುವ ಮಗುವಿನ ಪ್ರಾಣ ಹೋಗಬಹುದು. ಓಡುವ ಶಕ್ತಿಗೆ ಬೆಲೆ ತೆತ್ತವನು ನಿಲ್ಲುವ ಶಕ್ತಿಗೆ ಜಿಪುಣತನ ಮಾಡಲಾಗದು.