ವಾಲುವ ಗಾಡಿ, ದಪ್ಪ ದೊಡ್ಡಪ್ಪ

ಜೀಪಿನಂಥ ಗಾಡಿಗಳ ಹಿಂದಿನ ಆಕ್ಸಲ್ಲಿನ ಪಕ್ಕದಲ್ಲಿ, ವರ್ಷವಿಡೀ ಕೆಸರು ಮೆತ್ತಿಕೊಂಡು, ಒಡೆಯನಿಗೂ ಗುರುತು ಹೇಳಿಕೊಳ್ಳದೆ ಬದುಕುವ ಬಾಗಿದ ಉಕ್ಕಿನ ಸರಳೊಂದಿರುತ್ತದೆ. ಎಂಜಿನ್ನಿನ ಬಗ್ಗೆ ಜಂಬ ಕೊಚ್ಚುವವರಿದ್ದಾರೆ, ಟಯರಿನ ಬಗ್ಗೆ ಊಟ ಮರೆತು ಮಾತಾಡುವವರಿದ್ದಾರೆ. ಈ ಸರಳನ್ನು ಹೊಗಳಿದವರನ್ನು ಮಾತ್ರ ನಾನು ಕಂಡಿಲ್ಲ. ಗ್ಯಾರೇಜಿನವರು ಅದನ್ನು ಸ್ಟೆಬಿಲೈಸರ್ ಬಾರ್ ಅನ್ನುತ್ತಾರೆ. ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲದಂತೆ ಹಿಡಿಯುವುದು ಅದರ ಕಸುಬು. 1919ರಲ್ಲಿ ಕೆನಡಾದ ಫ್ರೆಡರಿಕ್ಟನ್ ಎಂಬ ಊರಿನ ಸ್ಟೀಫನ್ ಕೋಲ್ಮನ್ ಇದಕ್ಕೆ ಪೇಟೆಂಟ್ ಪಡೆದ. ಅವನ ಮನೆಯಲ್ಲೂ ತಿರುವಿನ ದಾರಿಯಲ್ಲಿ ಹೊಟ್ಟೆ ತೊಳಸುವ ಅತ್ತೆಯೊಬ್ಬರು ಇದ್ದಿರಬೇಕೆಂದು ನನ್ನ ಗುಮಾನಿ. ಇಲ್ಲದಿದ್ದರೆ ಗಂಡಸೊಬ್ಬನಿಗೆ ಇಂಥ ಯೋಚನೆ ಬರುವುದಿಲ್ಲ.

ಸರಳು ಮಾಡುವ ಕೆಲಸ ತಿಳಿಯಬೇಕಾದರೆ ಎತ್ತಿನ ನೊಗ ನೆನೆದರೆ ಸಾಕು. ಒಂದು ಎತ್ತು ಹಳ್ಳಕ್ಕೆ ಕಾಲಿಟ್ಟರೆ ನೊಗದ ಇನ್ನೊಂದು ತುದಿಯ ಎತ್ತಿನ ಕತ್ತೂ ಎಳೆಯುತ್ತದೆ. ಎಡ ಬಲ ಚಕ್ರಗಳು ಒಟ್ಟಿಗೆ ಏರಿಳಿದರೆ ಸರಳು ತನ್ನ ರಬ್ಬರ್ ಬುಷ್ಷಿನೊಳಗೆ ಸುಮ್ಮನೆ ಹೊರಳಿಕೊಳ್ಳುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಒಂದೇ ಚಕ್ರ ಮೇಲೆ ಹೋಯಿತೋ, ಸರಳು ತಿರುಚಿಕೊಂಡು ಇನ್ನೊಂದನ್ನೂ ಜೊತೆಗೆ ಎತ್ತಲು ನೋಡುತ್ತದೆ. ಡಾಂಬರು ರಸ್ತೆಯ ತಿರುವಿನಲ್ಲಿ ಇದು ಒಳ್ಳೆಯ ಗುಣ. ಆದರೆ ಕಲ್ಲು ಕೊರಕಲಿನ ದಾರಿಯಲ್ಲಿ ಗುಂಡಿಗೆ ಇಳಿಯಬೇಕಾದ ಚಕ್ರವನ್ನು ಇಳಿಯಲು ಬಿಡದೆ ಮೇಲೇ ಹಿಡಿದಿಡುತ್ತದೆ. ಚಕ್ರ ಗಾಳಿಯಲ್ಲಿ ಗಿರಗಿರನೆ ಸುತ್ತುತ್ತದೆ, ಡಿಫರೆನ್ಷಿಯಲ್ಲು ಎಂಜಿನ್ನಿನ ಶಕ್ತಿಯನ್ನೆಲ್ಲ ಆ ಸುತ್ತಾಟಕ್ಕೇ ಸುರಿಯುತ್ತದೆ, ನೆಲದ ಮೇಲಿರುವ ಚಕ್ರ ಕೈಕಟ್ಟಿ ಕೂರುತ್ತದೆ.

ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ವಾರವಿಡೀ ಕುರ್ಚಿಯಲ್ಲಿ ಕದಲದೆ ಕೂತವನಿಗೆ ಶನಿವಾರ ಬಂದರೆ ಮೈಯ ಮೂಳೆ ಮೂಳೆಯೂ ಕುಲುಕಬೇಕು. ಅದಕ್ಕೆಂದೇ ಥಾರ್ ಕೊಂಡಿದ್ದಾನೆ. 2020ರಲ್ಲಿ ಬಂದ ಹೊಸ ಮಾದರಿ, ಹಿಂದೆ ಸುರುಳಿ ಸ್ಪ್ರಿಂಗು, ಜೊತೆಗೆ ಈ ಸರಳು. ಗೆಳೆಯರ ಜೊತೆ ಸಕಲೇಶಪುರದ ಕಡೆ ಗುಡ್ಡ ಹತ್ತಿ ಬಂದ ಒಂದು ರಾತ್ರಿ, ಊಟದ ಎಲೆಯ ಮುಂದೆ ಕೂತು, "ಚಿಕ್ಕಪ್ಪ, ಹಿಂದಿನ ಬಾರ್ ಬಿಚ್ಚಿಬಿಡ್ತೀನಿ" ಎಂದ. ಮನೆ ಮಾರುತ್ತೇನೆ ಎಂದಿದ್ದರೂ ಅವನ ಮುಖದಲ್ಲಿ ಅಷ್ಟು ಗಾಂಭೀರ್ಯ ಇರುತ್ತಿರಲಿಲ್ಲ. ಅಮೆರಿಕದ ರಾಂಗ್ಲರ್ ರುಬಿಕಾನಿನಲ್ಲಿ 2007ರ ಮಾದರಿಯಿಂದಲೇ ಮುಂದಿನ ಬಾರನ್ನು ಗುಂಡಿ ಒತ್ತಿ ಬಿಡಿಸಬಹುದಂತೆ, ವೇಗ ಏರಿದರೆ ಅದು ತಾನಾಗಿ ಕೂಡಿಕೊಳ್ಳುತ್ತದಂತೆ. ನಮಗೆ ಆ ಭಾಗ್ಯವಿಲ್ಲ, ಸ್ಪ್ಯಾನರೇ ಗತಿ. ಹಿಂದಿನದನ್ನೇ ಬಿಚ್ಚುವುದಕ್ಕೂ ಅವನಲ್ಲಿ ಕಾರಣವಿತ್ತು. ಮುಂದಿನದನ್ನು ಬಿಚ್ಚಿ ಹಿಂದಿನದನ್ನು ಉಳಿಸಿದರೆ ಜೋರಾದ ತಿರುವಿನಲ್ಲಿ ಗಾಡಿ ಬಾಲ ಬೀಸಬಹುದು. ಹಿಂದಿನದನ್ನು ಬಿಚ್ಚಿದರೆ ಗಾಡಿ ವಾಲುತ್ತದೆ, ತಿರುಗಲು ತುಸು ಸೋಮಾರಿತನ ತೋರುತ್ತದೆ, ಅಷ್ಟೇ.

ಬಿಚ್ಚುವಾಗ ಗಾಡಿ ಸಮತಟ್ಟಾದ ನೆಲದಲ್ಲಿ ನಿಂತಿರಬೇಕು. ಆಗ ಸರಳಿನಲ್ಲಿ ತಿರುಚು ಉಳಿದಿರುವುದಿಲ್ಲ, ಲಿಂಕಿನ ಬೋಲ್ಟು ಮುನಿಸಿಲ್ಲದೆ ಹೊರಬರುತ್ತದೆ. ಒಂದೇ ಕಡೆ ಜ್ಯಾಕ್ ಕೊಟ್ಟು ಎತ್ತಿದರೆ ಸರಳು ಬಿಗಿದುಕೊಂಡು ಹಟ ಹಿಡಿಯುತ್ತದೆ. ಮಲೆನಾಡಿನಲ್ಲಿ ಸಮತಟ್ಟಾದ ನೆಲ ಎಂದರೆ ಕಾಫಿ ಕಣವೊಂದೇ. ಒಣಗಲು ಹರಡಿದ್ದ ಕಾಫಿಯನ್ನು ಒಂದು ಬದಿಗೆ ಎಳೆಸಿದ್ದಕ್ಕೆ ನನ್ನ ಹೆಂಡತಿ ಮಧ್ಯಾಹ್ನದವರೆಗೆ ನಮ್ಮಿಬ್ಬರ ಜೊತೆಯೂ ಮಾತು ಬಿಟ್ಟಳು. ಹುಡುಗ ಗಾಡಿಯಡಿ ಮಲಗಿದ್ದ. ಕೇಳಿದ ಸ್ಪ್ಯಾನರು ಬಿಟ್ಟು ಉಳಿದವನ್ನೆಲ್ಲ ಕೈಗೆ ಕೊಡುವ ಹೊಣೆ ನನ್ನದು. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಕುಡಿಸಿ ಕಾದೆವು. ಎರಡು ಕಡೆಯ ಲಿಂಕು ಕಳಚಿ, ಕ್ಲ್ಯಾಂಪು ಬಿಚ್ಚಿದ ಮೇಲೆ ಸರಳು ಧಡಕ್ಕನೆ ಅವನ ಎದೆಯ ಮೇಲೇ ಬಿತ್ತು. ಇನ್ನು ಚಕ್ರ ಹಿಂದಿಗಿಂತ ಕೆಳಗೆ ಇಳಿಯುವುದರಿಂದ ಬ್ರೇಕಿನ ಪೈಪು ಎಳೆದು ಹರಿಯದಂತೆ ಉದ್ದ ನೋಡಿಕೊಳ್ಳಬೇಕು ಎಂದು ಅಲ್ಲಿಂದಲೇ, ಸರಳನ್ನು ಅಪ್ಪಿಕೊಂಡು, ನನಗೆ ಪಾಠ ಹೇಳಿದ.

ನಮ್ಮ ಅಪ್ಪನ ಜೀಪಿಗೆ ಇಂಥ ಸರಳು ಯಾವ ಕಡೆಯೂ ಇರಲಿಲ್ಲ. ವಿಲ್ಲಿಸ್ ಜೀಪುಗಳನ್ನು ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಆ ವಂಶದ್ದೇ ನಮ್ಮದೂ, ನಾಲ್ಕೂ ಮೂಲೆಗೆ ಪ್ಲೇಟು ಸ್ಪ್ರಿಂಗು. ವಾಲುವುದನ್ನು ತಡೆಯಲು ಅದರಲ್ಲಿ ಇದ್ದದ್ದು ನಾವು, ಮನುಷ್ಯರು. ದೇವಸ್ಥಾನದ ಏರಿನಲ್ಲಿ ದಾರಿ ಕಣಿವೆಯ ಕಡೆಗೆ ಓರೆಯಾಗುತ್ತಿತ್ತು. ಅಲ್ಲಿ ಡ್ರೈವರಣ್ಣ ಜೀಪು ನಿಲ್ಲಿಸಿ ಒಂದು ಕೂಗು ಹಾಕುತ್ತಿದ್ದ. ಕೂಡಲೇ ಹುಡುಗರೆಲ್ಲ ಗುಡ್ಡದ ಕಡೆಯ ಫುಟ್‌ಬೋರ್ಡಿಗೆ ಜೋತುಬೀಳುತ್ತಿದ್ದೆವು. ಹೆಂಗಸರು ಸೆರಗು ಬಿಗಿದು ಅತ್ತ ಸರಿಯುತ್ತಿದ್ದರು. ಅಜ್ಜಿಗೆ ಈ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗಲೂ ಪ್ರತಿ ತಿರುವಿನಲ್ಲಿ ಎದುರು ಮಗ್ಗುಲಿಗೆ ವಾಲಿ, ಆ ದೊಡ್ಡ ಬಸ್ಸನ್ನು ತಾನೊಬ್ಬಳೇ ನೇರ ಮಾಡುತ್ತಿದ್ದಳು. ಧರ್ಮಸ್ಥಳ ಮುಟ್ಟುವ ಹೊತ್ತಿಗೆ ಸುಸ್ತಾಗಿ, ದೇವರಿಗಿಂತ ಮೊದಲು ಚಾಪೆ ಕೇಳುತ್ತಿದ್ದಳು.

ಜೀಪಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಡ್ರೈವರಣ್ಣ ತೀರ್ಮಾನಿಸುತ್ತಿದ್ದ. ವಯಸ್ಸು, ನೆಂಟಸ್ತಿಕೆ, ಆಸ್ತಿ ಯಾವುದೂ ಲೆಕ್ಕಕ್ಕಿಲ್ಲ, ತೂಕವೊಂದೇ ಮರ್ಯಾದೆ. ಆ ರಾಜ್ಯದಲ್ಲಿ ನಮ್ಮ ದೊಡ್ಡಪ್ಪ ಚಕ್ರವರ್ತಿ. ಮೆಣಸು ತೂಗುವ ತಕ್ಕಡಿಯಲ್ಲಿ ಒಮ್ಮೆ ತಮಾಷೆಗೆ ಕೂತು ಕ್ವಿಂಟಾಲು ದಾಟಿದವರು. ಊರಲ್ಲಿ ಅವರ ಮೈಯನ್ನು ಆಡಿಕೊಳ್ಳದವರಿರಲಿಲ್ಲ. ಮದುವೆಮನೆಯ ಕುರ್ಚಿ ಅವರನ್ನು ಕಂಡರೆ ಅಂಜುತ್ತಿತ್ತು. ಆದರೆ ಆ ಏರಿನಲ್ಲಿ ಮಾತ್ರ ಅವರನ್ನು ಗುಡ್ಡದ ಕಡೆಯ ಸೀಟಿನಲ್ಲಿ ಕೂರಿಸಿದ ಮೇಲೆಯೇ ಗೇರು ಬೀಳುತ್ತಿತ್ತು. "ಅಯ್ಯ ಇದ್ರೆ ಜೀಪು ಅಲ್ಲಾಡಲ್ಲ" ಎಂದು ಡ್ರೈವರಣ್ಣ ಸಾರುತ್ತಿದ್ದ. ದೊಡ್ಡಪ್ಪ ಏನೂ ಕೇಳಿಸದವರಂತೆ ಹೊರಗೆ ನೋಡುತ್ತ, ಮೀಸೆಯಡಿ ನಗುತ್ತಿದ್ದರು.

ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ನೋಡುನೋಡುತ್ತ ಇಳಿದುಹೋದರು. ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗವಾಗುವಷ್ಟು ಸಡಿಲ. ಆದರೂ ಏರು ಬಂದಾಗ ಅವರದು ಅದೇ ಸೀಟು, ಡ್ರೈವರಣ್ಣನದು ಅದೇ ಘೋಷಣೆ. ಒಂದೇ ಬದಲಾವಣೆ: ಸೀಟಿನ ಪಕ್ಕದಲ್ಲಿ ಒಂದು ಅಕ್ಕಿಮೂಟೆ ಬಂದು ಕೂತಿತ್ತು. "ಏನೋ ಅದು?" ಎಂದು ದೊಡ್ಡಪ್ಪ ಕೇಳಿದರೆ, "ಅಕ್ಕಿ ಅಯ್ಯಾ, ಮನೆಗೆ" ಎಂದ. ಮನೆ ಬಂದಾಗ ಮೂಟೆ ಇಳಿಯಲಿಲ್ಲ. ಮುಂದಿನ ಸಲವೂ ಅದು ಅಲ್ಲೇ ಇತ್ತು, ಅದರ ಮುಂದಿನ ಸಲವೂ. ದೊಡ್ಡಪ್ಪನಿಗೆ ತಿಳಿದಿಲ್ಲವೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಅವರು ಇಳಿಯುವಾಗ ಮೂಟೆಯ ಮೇಲೆ ಕೈಯಿಟ್ಟು, "ಹುಳ ಬಿದ್ದಿರ್ತದೆ ಮಾರಾಯ, ಅಕ್ಕಿ ಬದಲಾಯ್ಸು" ಎಂದರು. ಡ್ರೈವರಣ್ಣ ಬಾನೆಟ್ಟು ಎತ್ತಿ, ಬಹಳ ಹೊತ್ತು ಅದರೊಳಗೆ ಏನನ್ನೋ ಹುಡುಕಿದ.

ಸರಳು ಕಳಚಿದ ಥಾರನ್ನು ಹುಡುಗ ತೋಟದ ಹಿಂದಿನ ಕೊರಕಲಿಗೆ ಇಳಿಸಿದ. ಹೇಳಿದಂತೆಯೇ ಆಯಿತು. ಹಿಂದಿನ ಚಕ್ರ ಗುಂಡಿಯ ತಳಕ್ಕೆ ಕಾಲು ಚಾಚಿ, ಕಲ್ಲನ್ನು ಕಚ್ಚಿ ಹತ್ತಿತು. ಅವನ ಕೇಕೆಗೆ ತೋಟದ ಮಂಗಗಳು ಜಾಗ ಬಿಟ್ಟವು. ಅದೇ ಖುಷಿಯಲ್ಲಿ ನನ್ನನ್ನು ಕೂರಿಸಿಕೊಂಡು ಚಾರ್ಮಾಡಿಗೆ ಹೊರಟ. ಡಾಂಬರಿನ ಮೇಲೆ ಮಾತ್ರ ಗಾಡಿ ಪ್ರತಿ ತಿರುವಿಗೂ ಮಗ್ಗುಲು ಬದಲಿಸಿ ನಿಟ್ಟುಸಿರು ಬಿಡುತ್ತಿತ್ತು. "ಯಾಕೆ ಚಿಕ್ಕಪ್ಪ ಆ ಕಡೆ ವಾಲ್ತೀರಿ? ಬೆಲ್ಟ್ ಇದೆಯಲ್ಲ" ಎಂದು ಅವನು ಹೇಳಿದ ಮೇಲೆಯೇ ನಾನು ನನ್ನ ಮೈಯನ್ನು ಗಮನಿಸಿದ್ದು. ಅದು ಬಹಳ ಹೊತ್ತಿನಿಂದ ಅಜ್ಜಿಯ ಕೆಲಸ ಮಾಡುತ್ತಿತ್ತು.

ಮರಳಿ ಬಂದವನು ಯೋಚನೆಗೆ ಬಿದ್ದ. ಕೊರಕಲಿಗೆ ಹೋಗುವುದು ತಿಂಗಳಿಗೊಮ್ಮೆ, ಡಾಂಬರು ದಿನವೂ. ಸರಳನ್ನು ಮತ್ತೆ ಹಾಕೋಣ ಎಂದು ಹುಡುಕಿದರೆ, ಅದು ಬಚ್ಚಲೊಲೆಯಲ್ಲಿತ್ತು. ಉದ್ದವಾಗಿದೆ, ತುದಿ ಬಾಗಿದೆ, ಕೆಂಡ ಎಳೆಯಲು ಇದಕ್ಕಿಂತ ಒಳ್ಳೆಯ ಕಬ್ಬಿಣ ತನ್ನ ಸಂಸಾರದಲ್ಲಿ ಸಿಕ್ಕಿಲ್ಲ ಎಂದಳು ನನ್ನ ಹೆಂಡತಿ. ಕಾಫಿ ಕಣದ ಲೆಕ್ಕ ಹೀಗೆ ಚುಕ್ತಾ ಆಯಿತು. ಹುಡುಗ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಪೇಟೆಯ ಗ್ಯಾರೇಜಿಗೆ ಒಯ್ದ. ಜೊತೆಗೆ ನಾನೂ.

ಮೇಸ್ತ್ರಿ ಹಳೆಯ ಕೈ. ಬೂದಿ ಹಿಡಿದ ತುದಿಯನ್ನು ಬೆರಳಿಂದ ಉಜ್ಜಿ, ಮೂಸಿ ಕೂಡ ನೋಡಿದ. "ಸ್ಪ್ರಿಂಗಿನ ಉಕ್ಕು ಇದು ಸರ್. ಬೆಂಕಿ ಕಂಡ ಮೇಲೆ ನಂಬೋ ಹಂಗಿಲ್ಲ. ಹೊಸದು ತರಿಸ್ಬೇಕು." ಆಮೇಲೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಹಿಂದಿನ ಕಿಟಕಿಗೆ ಹಣೆ ಹಚ್ಚಿ ಒಳಗೆ ಇಣುಕಿದ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು.

"ಹಿಂದ್ಗಡೆ ಯಾರ್ ಕೂರ್ತಾರೆ?"

ಹುಡುಗ ನನ್ನ ಮುಖ ನೋಡಿದ. "ಬ್ಯಾಗ್ ಇಡ್ತೀನಿ" ಎಂದ.

"ಬ್ಯಾಗಿಗೆ ವಾಂತಿ ಬರಲ್ಲ. ದುಡ್ಡು ಯಾಕ್ ದಂಡ ಮಾಡ್ತೀರಿ, ನಿಧಾನಕ್ಕೆ ಓಡಿಸ್ಕೊಂಡಿರಿ. ಮದುವೆ ಆಗಿ, ಮಕ್ಕಳು ಮರಿ ಅಂತ ನಾಲ್ಕು ಜನ ಆದ್ಮೇಲೆ ಬನ್ನಿ ಸರ್, ಹಾಕ್ಕೊಡ್ತೀನಿ."