ಮಾಗಡಿ ಕೆರೆಯ ಹಂಸೆಗಳು



ಅಕ್ಕಮಹಾದೇವಿ ತಾಯಿಯವರು ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಗಿಳಿ, ಕೋಗಿಲೆ, ನವಿಲು, ತುಂಬಿಗಳ ಜೊತೆಗೆ ಹಂಸೆಯನ್ನೂ ಕೇಳುತ್ತಾರೆ. ಗಿಳಿ ಕೋಗಿಲೆಗಳ ವಿಷಯದಲ್ಲಿ ಯಾರಿಗೂ ಸಂದೇಹ ಹುಟ್ಟುವುದಿಲ್ಲ; ಮಠದ ಅಂಗಳದ ಮಾವಿನ ಮರದಲ್ಲಿಯೇ ಅವು ಇರುತ್ತವೆ. ಹಂಸೆ ಎಂದೊಡನೆ ಮಾತ್ರ ಕ್ಯಾಲೆಂಡರಿನ ಸರಸ್ವತಿಯ ಪಕ್ಕದಲ್ಲಿರುವ, ನೀಳ ಕೊರಳಿನ, ಅಚ್ಚ ಬಿಳಿಯ ಪಕ್ಷಿಯೊಂದು ಕಣ್ಣ ಮುಂದೆ ನಿಲ್ಲುತ್ತದೆ. ಆ ಪಕ್ಷಿ ಕನ್ನಡ ನಾಡಿನ ಕೆರೆಗಳಿಗೆ ಬರುವಂಥದ್ದಲ್ಲ. ಮಳೆಗಾಲಕ್ಕೆ ಮಾನಸ ಸರೋವರದತ್ತ ತೆರಳುವುದೆಂದು ಸಂಸ್ಕೃತ ಕವಿಗಳು ವರ್ಣಿಸಿದ ಹಂಸವು ಪಟ್ಟೆತಲೆಯ ಹೆಬ್ಬಾತೇ ಇರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಅಕ್ಕನವರ ಮನದಲ್ಲಿದ್ದುದೂ ಇದೇ ಎಂದು ಹಟ ಹಿಡಿಯುವುದು ನನ್ನ ಉದ್ದೇಶವಲ್ಲ. ಆದರೆ ಹಂಸೆಯನ್ನು ಕಣ್ಣಾರೆ ಕಾಣಬೇಕೆನ್ನುವ ಭಕ್ತರು ಹಿಮಾಲಯಕ್ಕೆ ಹೋಗಬೇಕಾಗಿಲ್ಲ, ಗದುಗಿನ ಬಸ್ಸು ಹತ್ತಿದರೆ ಸಾಕು.

ಗದುಗಿನಿಂದ ಲಕ್ಷ್ಮೇಶ್ವರದ ಕಡೆಗೆ ಸುಮಾರು 26 ಕಿ.ಮೀ. ದೂರದಲ್ಲಿ, ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಎಂಬ ಗ್ರಾಮವಿದೆ. (ಕೆಂಪೇಗೌಡರ ಮಾಗಡಿ ಬೇರೆ. ಅಲ್ಲಿಗೆ ಹೋಗಿ ಹೆಬ್ಬಾತು ಹುಡುಕಬಾರದು.) ಇಲ್ಲಿಯ ಕೆರೆ ಸುಮಾರು 50 ಹೆಕ್ಟೇರಿನದು, ಬೇಸಾಯಕ್ಕಾಗಿ ಮಳೆಯ ನೀರು ಹಿಡಿಯಲು ಹಿಂದಿನವರು ಕಟ್ಟಿಸಿದ್ದು. ಇಂದು ಅದು ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ಅಂಕಸಮುದ್ರ ಹಾಗೂ ಅಘನಾಶಿನಿ ಅಳಿವೆಯೊಡನೆ ಇದೂ ರಾಮ್‌ಸಾರ್ ಪಟ್ಟಿಗೆ ಸೇರಿತು. 166ಕ್ಕೂ ಹೆಚ್ಚು ಜಾತಿಯ ಪಕ್ಷಿಗಳನ್ನು ಇಲ್ಲಿ ಗುರುತಿಸಲಾಗಿದ್ದು, ಚಳಿಗಾಲದಲ್ಲಿ ತಂಗುವ ಪಟ್ಟೆತಲೆ ಹೆಬ್ಬಾತುಗಳೇ ಸುಮಾರು 8,000 ಎಂಬ ಅಂದಾಜಿದೆ.

ಜನರು ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬಂದು ಹೋಗುತ್ತಾರೆ. ನಾನು ಶಿವರಾತ್ರಿ ಕಳೆದ ಮೇಲೆ, ಗಿಡಗಳು ಚಿಗುರುವ ಕಾಲದಲ್ಲಿ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಆಗ ನೀರು ಹಿಂಜರಿದು ಕೆಸರಿನ ಅಂಚು ಅಗಲವಾಗಿರುತ್ತದೆ. ಹಕ್ಕಿಗಳಲ್ಲಿ ಪಯಣದ ಚಡಪಡಿಕೆ ಕಾಣತೊಡಗುತ್ತದೆ. ಒಂದು ಹಿಂಡು ಸುಮ್ಮನೆ ಏಳುತ್ತದೆ, ಎರಡು ಸುತ್ತು ಹಾಕುತ್ತದೆ, ಮತ್ತೆ ಇಳಿಯುತ್ತದೆ. ಬೂದು ಮೈ, ಹಳದಿಗೆಂಪು ಕಾಲು, ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ವಿಭೂತಿಯನ್ನು ಬಣ್ಣ ತಿರುಗಿಸಿ ಧರಿಸಿದಂತೆ ಎಂದು ಜೊತೆಗಿದ್ದ ಸಾಧಕರೊಬ್ಬರು ಉದ್ಗರಿಸಿದರು. ನೋಡುವವರಿಗೆ ಒಂದು ಸೂಚನೆ: ಮಠಕ್ಕೆ ತೊಟ್ಟು ಬರುವ ಶುಭ್ರ ಬಿಳಿಯ ಉಡುಪು ಕೆರೆಗೆ ಒಗ್ಗದು. ಮಣ್ಣಿನ ಬಣ್ಣದ ಬಟ್ಟೆ ತೊಟ್ಟು, ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು, ಕೆರೆಯ ಏರಿಯ ಮೇಲೆ ಮೌನವಾಗಿ ಕುಳಿತರೆ ದುರ್ಬೀನಿಲ್ಲದೆಯೂ ಬಹಳ ಕಾಣುತ್ತದೆ. ಅದೃಷ್ಟವಿದ್ದರೆ ಕಾವ್ಯಗಳ ಚಕ್ರವಾಕವೂ ಜೋಡಿಯಾಗಿ ಕಂಡೀತು.

ಈ ಹಕ್ಕಿಗಳು ಮರಿ ಮಾಡುವುದು ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಿಮಾಲಯವನ್ನು ದಾಟುವಾಗ ಇವು 7,000 ಮೀಟರಿಗೂ ಮೇಲೆ ಹಾರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ಆ ತೆಳುಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅವುಗಳ ರಕ್ತಕ್ಕಿದೆ. ಅಂಥ ಪಯಣಕ್ಕೆ ಬೇಕಾದ ಕೊಬ್ಬು ಮೈಗೂಡುವುದು ಎಲ್ಲಿಂದ? ಕವಿಗಳ ಹಂಸವು ಮುತ್ತನ್ನು ಮೆಲ್ಲುತ್ತದೆ, ಹಾಲು ನೀರನ್ನು ಬೇರ್ಪಡಿಸುತ್ತದೆ. ಮಾಗಡಿಯ ಹಂಸೆ ಹಗಲೆಲ್ಲ ನೀರಿನಲ್ಲಿ ವಿಶ್ರಮಿಸಿ, ಹೊತ್ತು ಮುಳುಗುವಾಗ ಹಿಂಡು ಹಿಂಡಾಗಿ ಎದ್ದು ಸುತ್ತಲಿನ ಹೊಲಗಳಿಗೆ ಇಳಿಯುತ್ತದೆ. ಶೇಂಗಾ, ಕಡಲೆ ಮೊದಲಾದ ಬೆಳೆಗಳೇ ಅದರ ಮುತ್ತು.

ಇದನ್ನು ಕೇಳಿದ ಹಿರಿಯ ಭಕ್ತರೊಬ್ಬರು, ಇದು ಆ ಊರ ರೈತರ ದಾಸೋಹವೆಂದು ಕೊಂಡಾಡಿದರು. ಮಾತು ಚೆಲುವಾಗಿದೆ, ನನಗೆ ಒಪ್ಪಿಗೆಯಾಗಲಿಲ್ಲ. ಶರಣರು ಹೇಳಿದ ದಾಸೋಹದಲ್ಲಿ ನೀಡುವವನು ತನ್ನ ಕಾಯಕದ ಫಲವನ್ನು ತಾನಾಗಿ, ಅರಿತು, ಸಂತೋಷದಿಂದ ನೀಡುತ್ತಾನೆ. ಇರುಳಿನಲ್ಲಿ ಹೊಲಕ್ಕಿಳಿದ ಹಕ್ಕಿ ಕೇಳಿ ತಿನ್ನುವುದಿಲ್ಲ. ಬೆಳಗ್ಗೆ ಬಂದು ನೋಡಿದವನಿಗೆ ಬೀಜದ ಸಾಲ ಹಾಗೆಯೇ ಇರುತ್ತದೆ. ಅವನ ನಷ್ಟಕ್ಕೆ ನಾವು ಪವಿತ್ರವಾದ ಹೆಸರನ್ನಿಟ್ಟುಬಿಟ್ಟರೆ ಪರಿಹಾರದ ಪ್ರಶ್ನೆಯನ್ನೇ ಯಾರೂ ಎತ್ತದಂತಾಗುತ್ತದೆ.

ಏರಿಯ ಕೆಳಗಿನ ಹೊಲದಲ್ಲಿ ಕಡಲೆ ಕಿತ್ತು ರಾಶಿ ಮಾಡುತ್ತಿದ್ದ ವೃದ್ಧರೊಬ್ಬರನ್ನು ಈ ಕುರಿತು ಕೇಳಿದೆ. “ಯಜಮಾನ್ರ, ಹಕ್ಕಿಯಿಂದ ತ್ರಾಸ ಅದನೇನ್ರಿ?” ಎಂದೆ.

“ಅದ ಅಲ್ರೀ ಮತ್ತ!” ಎಂದರು. “ಪೈರು ಎಳೇದಿದ್ದಾಗ ಬಂದ್ರ ಡಬ್ಬಿ ಬಡದು ಎಬ್ಬಸ್ತೀವ್ರಿ. ರಾಶಿ ಮುಗದ ಮ್ಯಾಲ ಬಂದ್ರ, ಬಿದ್ದ ಕಾಳು ಆರಿಸ್ಕೋತಾವ, ಯಾರು ಬ್ಯಾಡಂತಾರ? ಆದ್ರ ವಿಷ ಇಡೂ ಕೆಲಸ ನಾವು ಮಾಡಂಗಿಲ್ರಿ.”

ಈ ಉತ್ತರದಲ್ಲಿ ಭಕ್ತಿಯ ಆಡಂಬರವಿಲ್ಲ. ತನ್ನದನ್ನು ಕಾಯ್ದುಕೊಳ್ಳುವ ಹಕ್ಕನ್ನು ಅವರು ಬಿಟ್ಟುಕೊಟ್ಟಿಲ್ಲ, ಕೊಲ್ಲುವ ಮಾತನ್ನೂ ಆಡಿಲ್ಲ. ದಯೆಯೇ ಧರ್ಮದ ಮೂಲವೆಂಬ ಬಸವಣ್ಣನವರ ಮಾತನ್ನು ವ್ಯಾಖ್ಯಾನಿಸುವಾಗ ನಾನು ಇತ್ತೀಚೆಗೆ ಆ ಡಬ್ಬಿಯ ಸದ್ದನ್ನು ಸೇರಿಸಿಯೇ ಹೇಳುತ್ತೇನೆ.

ಸಂಜೆ ಆರೂವರೆಯ ಸುಮಾರಿಗೆ ಹಿಂಡುಗಳು ಎದ್ದವು. ಗಂಟಲಿನಿಂದ ಬರುವ ಆ ಒಡಕು ಕೂಗು ಇಂಪಾಗಿದೆ ಎನ್ನಲಾರೆ, ಕವಿಗಳು ಕ್ಷಮಿಸಬೇಕು. ವೃದ್ಧರು ಅವು ಯಾವ ಹೊಲದ ಕಡೆಗೆ ತಿರುಗಿದವೆಂದು ಕೈ ಅಡ್ಡ ಹಿಡಿದು ನೋಡಿ, “ಇವತ್ತು ಆ ಕಡೀಗೆ,” ಎಂದು ಚೀಲದ ಬಾಯಿ ಹೊಲಿಯತೊಡಗಿದರು.

ಹೋಗಬಯಸುವ ಸದ್ಭಕ್ತರು ಮಾರ್ಚ್ ಮೊದಲ ವಾರದೊಳಗೆ ಹೋಗುವುದು ಒಳಿತು. ರೈತರ ಹೊಲಗಳಲ್ಲಿ ಕಾಲಿಡದೆ ಏರಿಯ ಮೇಲಿನಿಂದಲೇ ನೋಡಬೇಕು. ತಡವಾಗಿ ಹೋದವರಿಗೆ ಕೆಸರಿನ ಅಂಚಿನಲ್ಲಿ ಮೆಟ್ಟುಗಾಲು ಹಕ್ಕಿ, ಟಿಟ್ಟಿಭಗಳು ಕಂಡಾವು. ಹಂಸೆಗಳು ಅಷ್ಟರಲ್ಲಿ ಉತ್ತರದ ದಾರಿ ಹಿಡಿದಿರುತ್ತವೆ.